ಹೊಂಟವರಿಗೆ ಕೇಳುವ ಪ್ರಶ್ನೆ

ಶಹಾಪುರ, ಇಚಲಕರಂಜಿ
೩ ಜೂನ್ ೧೯೭೯

ಕಾಕಾ,

ಜಯ ಜಿನೇಂದ್ರ. ಕ್ಷೇಮಸಮಾಚಾರವನ್ನು ಜಾಗ ಉಳಿದರೆ ಕೊನೆಗೆ ಬರೆಯುತ್ತೇನೆ, ಮೊದಲು ಸುದ್ದಿ. ನಿಮ್ಮ ನೂಲ ಊರಿನ ಕುರುಬರ ಹಾಲಸಿದ್ದನ ಮಗಳು ದುರ್ಗವ್ವನಿಗೆ ಕೊಲ್ಹಾಪುರದ ನರ್ಸ್ ತರಬೇತಿಗೆ ಸಂದರ್ಶನದ ಕರೆ ಬಂದಿದೆ. ಜುಲೈ ಎರಡಕ್ಕೆ. ಕರೆ ಬಂದ ಲಕೋಟೆಯನ್ನು ಅವಳು ನನ್ನ ಕೈಗೆ ಕೊಟ್ಟು, ಓದಿ ಮುಗಿಸುವವರೆಗೂ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಅವಳು ಇಲ್ಲಿ ಸೋದರತ್ತೆ ತಂಗೆವ್ವನ ಮನೆಯಲ್ಲಿರುವುದು ನಿಮಗೆ ಗೊತ್ತು. ನಮ್ಮ ಮಗ್ಗದ ಶೆಡ್ಡಿನಲ್ಲಿ ಇಬ್ಬರೂ ಕಾಂಡಿಗೆ ನೂಲು ಸುತ್ತುತ್ತಾರೆ. ಸುತ್ತುತ್ತಲೇ ಹುಡುಗಿ ಮ್ಯಾಟ್ರಿಕ್ ಮುಗಿಸಿದಳು. ನಾನು ಇಂಗ್ಲಿಷ್ ಕಲಿಸುತ್ತಿರುವುದು ಆ ಶೆಡ್ಡಿನ ಹಿಂದಿನ ಖೋಲಿಯಲ್ಲಿ, ಕರೆಂಟ್ ಹೋದಾಗ. ಮಗ್ಗ ನಿಂತರೆ ಶಾಲೆ, ಕರೆಂಟ್ ಬಂದರೆ ಶಾಲೆ ಬಿಟ್ಟಿತು. ಬೇರೆ ಗಂಟೆ ನಮಗಿಲ್ಲ.

ಕಾಕಾ, ಈ ಹುಡುಗಿಯರು ಕೇಳಿದ್ದಕ್ಕೆ ಉತ್ತರ ಹೇಳುತ್ತಾರೆ, ತಾವಾಗಿ ಕೇಳುವುದೇ ಇಲ್ಲ. ಡು, ಡಸ್, ಡಿಡ್ ಎಂದು ನಾನು ಹಲಗೆಯ ಮೇಲೆ ಬರೆದರೆ ಎಲ್ಲರ ಮುಖವೂ ಸೀಮೆಸುಣ್ಣದಂತಾಗುತ್ತದೆ. ಹೋದ ವಾರ ಕರೆಂಟ್ ಬಂದು ಮಗ್ಗ ಶುರುವಾದ ಗಳಿಗೆಗೆ ಎಳೆ ಹರಿಯಿತು. ತಂಗೆವ್ವ ಕೂಗಿದಳು, "ಯಾರ್ ಹರದ್ರು ಎಳಿ?" ನಾನು ಅದನ್ನೇ ಇಂಗ್ಲಿಷಿನಲ್ಲಿ ಕೂಗಿದೆ, "ಹೂ ಬ್ರೋಕ್ ದ ಥ್ರೆಡ್?" ಕೂಗಿದ ಮೇಲೆ ಹೊಳೆಯಿತು, ಇದರಲ್ಲಿ ಡಿಡ್ ಎಲ್ಲಿದೆ? ಇಲ್ಲವೇ ಇಲ್ಲ. ಮಾಡಿದವರು ಯಾರೆಂದು ಕೇಳುವಾಗ ಮಾಡಿದವರ ಜಾಗದಲ್ಲಿ 'ಹೂ' ಕೂಡಿಸಿದರೆ ಮುಗಿಯಿತು, ಉಳಿದದ್ದು ಇದ್ದಲ್ಲೇ ಇರುತ್ತದೆ, ಥೇಟ್ ನಮ್ಮ ಹಾಗೆ. ಇಷ್ಟು ವರ್ಷ ಓದಿದ ನನಗೆ ಇದು ಮೊದಲೇ ಕಾಣಬಾರದಿತ್ತೇ? ಮರುದಿನ ಕರೆಂಟ್ ಹೋದ ತಕ್ಷಣ ಹೇಳಿಕೊಟ್ಟೆ. ಅಂದಿನಿಂದ ಕಟ್ಟೆ ಒಡೆದಂತಾಗಿದೆ. ಹೂ ಸ್ಟಾಪ್ಡ್ ದ ಲೂಮ್, ಹೂ ಟುಕ್ ಮೈ ಟೀ, ಖಾರದ ಚುರುಮುರಿ ಬಂದರೆ ಹೂ ವಾಂಟ್ಸ್ ಭಡಂಗ್. ನಮ್ಮ ಯಜಮಾನರು ಜಿನಪಾಲ ಬಾಗಿಲಲ್ಲಿ ನಿಂತು, "ಹೂಂ ಹೂಂ ಅಂತ ಯಾರಿಗೆ ಒಪ್ಪಿಗಿ ಕೊಡಾಕತ್ತೀರಿ ಎಲ್ಲಾರೂ?" ಎಂದರು.

ಈಗ ಕೆಲಸದ ಮಾತು. ದುರ್ಗವ್ವ ಎಂಟನೇ ತಾರೀಖಿಗೆ ನೂಲಕ್ಕೆ ಬರುತ್ತಾಳೆ. ಒಪ್ಪಿಗೆಯ ಕಾಗದದ ಮೇಲೆ ತಂದೆಯ ಹೆಬ್ಬೆಟ್ಟು ಬೇಕು. ಮಳೆ ಹಿಡಿಯುವ ಮೊದಲು ಅವರ ಕುರಿ ಮೂಡಲಕ್ಕೆ ಹೊರಡುತ್ತವೆ, ಅಷ್ಟರೊಳಗೆ ಆಗಬೇಕು. ಕಾಗದ ಇಲ್ಲದಿದ್ದರೆ ಸಂದರ್ಶನವಿಲ್ಲ. ಸಂದರ್ಶನವಿಲ್ಲದಿದ್ದರೆ ದೀಪಾವಳಿ ಮುಗಿದ ಮೇಲೆ ಸೋದರಮಾವನ ಮಗ ಲಗಮಣ್ಣನ ಜೊತೆ ಮದುವೆ, ಆಮೇಲೆ ಹಿಂಡಿನ ಹಿಂದೆ. ಹಾಲಸಿದ್ದ ನಿಮ್ಮ ಮಾತು ಮೀರುವುದಿಲ್ಲ. ಹಾಗೇ ಅವಳ ಇಂಗ್ಲಿಷನ್ನೂ ಸ್ವಲ್ಪ ಆಡಿಸಿ.

ಜಾಗ ಮುಗಿಯಿತು. ನಾವೆಲ್ಲ ಕ್ಷೇಮ.

ನಿಮ್ಮ ಕಾಂಚನ

*

ನೂಲ
೭ ಜೂನ್ ೧೯೭೯

ಕಾಂಚನ,

ನಿನ್ನ ಪತ್ರದ ಮೊದಲ ಅರ್ಧ ಓದಿ ನಿನ್ನ ಕಾಕುವನ್ನು ಒಳಗಿನಿಂದ ಕರೆದು ಮತ್ತೊಮ್ಮೆ ಓದಿ ಹೇಳಿದೆ. ಎರಡನೇ ಅರ್ಧ ಓದಿ ಹೊಲಕ್ಕೆ ಹೋಗಿಬಿಟ್ಟೆ, ಮನೆಯಲ್ಲಿದ್ದರೆ ಯಾರ ಮೇಲಾದರೂ ರೇಗುತ್ತಿದ್ದೆ.

ನಿನ್ನ ನಿಯಮ ತಪ್ಪೆಂದು ಹೇಳಲಾರೆ. ಹಳೆಯ ವ್ಯಾಕರಣ ಪುಸ್ತಕ ಅಟ್ಟದಿಂದ ಇಳಿಸಿ ನೋಡಿದೆ, ಸರಿಯಿದೆ. ಆದರೆ ಕೊಲ್ಹಾಪುರದ ಬೋರ್ಡಿಂಗಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮಾಸ್ತರರು ಡು ಇಲ್ಲದ ಪ್ರಶ್ನೆಯನ್ನು ರುಮಾಲಿಲ್ಲದೆ ಕಚೇರಿಗೆ ಬಂದವನ ಹಾಗೆ ಹೊರಗೆ ನಿಲ್ಲಿಸುತ್ತಿದ್ದರು. ೧೯೪೧ರಲ್ಲಿ ನಾನು ಒಂದು ನೌಕರಿಗೆ ಸಂದರ್ಶನಕ್ಕೆ ಹೋದೆ. ಮೂವರು ಕುಳಿತಿದ್ದರು. ಬಾಯಿತಪ್ಪಿ "ವೇರ್ ಯು ವಾಂಟ್ ಮಿ ಟು ಸಿಟ್" ಎಂದೆ. ಡು ಬಿಟ್ಟುಹೋಯಿತು. ಮೂವರೂ ನಕ್ಕರು, ಬಾಗಿಲ ಬಳಿಯಿದ್ದ ಜವಾನನೂ ನಕ್ಕ, ಅವನಿಗೇನು ತಿಳಿದಿತ್ತೋ. ನೌಕರಿ ಹೋದದ್ದಕ್ಕೆ ದುಃಖವಿಲ್ಲ, ಹೊಲ ಇತ್ತು. ಆ ನಗೆ ಮಾತ್ರ ಇನ್ನೂ ಕಿವಿಯಲ್ಲಿದೆ.

ಈ ಕಡೆಯವರನ್ನು ಯಾರೂ ಏನೂ ಕೇಳುವುದಿಲ್ಲ ಎಂಬುದು ನಿನಗೆ ಹೊಸದಲ್ಲ. ೧೯೪೯ರಲ್ಲಿ ಕೊಲ್ಹಾಪುರ ಸಂಸ್ಥಾನವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದರು, ಕೇಳಲಿಲ್ಲ. ೧೯೫೬ರಲ್ಲಿ ಗಡಿಗೆರೆ ಎಳೆದು ನಮ್ಮನ್ನು ಮರಾಠಿ ಕಡೆಗೆ ಬಿಟ್ಟರು, ಮನೆಯಲ್ಲಿ ಕನ್ನಡ, ಚಾವಡಿಯಲ್ಲಿ ಮರಾಠಿ ಎಂದಾಯಿತು, ಆಗಲೂ ಕೇಳಲಿಲ್ಲ. ನಾನು ಬರೆದ ಅರ್ಜಿಗಳಲ್ಲಿ ಡು ಡಸ್ ಡಿಡ್ ಎಲ್ಲವೂ ಜಾಗದಲ್ಲಿದ್ದವು. ಉತ್ತರ ಬರದಿದ್ದರೂ ಯಾರೂ ನಗಲಿಲ್ಲ. ಅಷ್ಟು ಮರ್ಯಾದೆಯನ್ನಾದರೂ ನಮ್ಮ ಹುಡುಗಿಗೆ ಕೊಟ್ಟು ಕಳಿಸಬೇಕು. ನಿನ್ನ 'ಹೂ' ಅಡ್ಡದಾರಿ. ಹೆಬ್ಬಾಗಿಲಿನಿಂದ ಹೋಗುವುದನ್ನು ನಾನು ಕಲಿಸುತ್ತೇನೆ.

ಹೆಬ್ಬೆಟ್ಟಿನ ಚಿಂತೆ ಬಿಡು. ಹಾಲಸಿದ್ದನ ಜೊತೆ ಮಾತಾಡಿದ್ದೇನೆ. "ನೀವು ಚಲೋ ಅಂದ್ರ ಚಲೋನ ಇರತೈತಿ ಗೌಡ್ರ" ಎಂದಿದ್ದಾನೆ.

ಬಾಳಗೊಂಡ

*

ನೂಲ
೧೪ ಜೂನ್ ೧೯೭೯

ಕಾಂಚನ,

ಹೆಬ್ಬೆಟ್ಟು ಆಗಲಿಲ್ಲ. ಹೇಗೆಂದು ಕೇಳು.

ಹುಡುಗಿ ಬಂದ ದಿನದಿಂದ ನಮ್ಮ ಅಂಗಳದಲ್ಲಿ ಪಾಠ ನಡೆಯಿತು. ನಾನು ಒಂದು ವಾಕ್ಯ ಹಿಡಿದೆ, ಅದು ಬಂದರೆ ಉಳಿದವೆಲ್ಲ ಅದರ ಹಿಂದೆ ಬರುತ್ತವೆ ಎಂದು. ವೇರ್ ಆರ್ ಯು ಗೋಯಿಂಗ್. ಇದರಲ್ಲಿ ಡು ಮಾಡುವ ಕೆಲಸವನ್ನು ಆರ್ ಮಾಡುತ್ತದೆ. ಕರುವಿಗೆ ಕೇಳಿದಳು, ಕಟ್ಟೆಯ ಮೇಲಿನ ಬೆಕ್ಕಿಗೆ ಕೇಳಿದಳು. ಬೀಸುತ್ತ ಕುಳಿತ ನಿನ್ನ ಕಾಕುವಿಗೆ ಕೇಳಿದಳು, ಅವಳು "ಎಲ್ಲಿಗಿ ಹೋಗ್ಲೆವ್ವ, ಹಿಟ್ಟು ಯಾರು ಬೀಸತಾರ?" ಎಂದಳು. ನಕ್ಕೆವು. ನಾನು ಗೆದ್ದೆ ಎಂದೇ ತಿಳಿದಿದ್ದೆ.

ನಿನ್ನೆ ಬೆಳಿಗ್ಗೆ ಕುರಿ ಹೊರಟವು. ತಟ್ಟು ಕುದುರೆಗಳ ಮೇಲೆ ಕಂಬಳಿ, ಪಾತ್ರೆ, ಎಳೆಯ ಮರಿಗಳನ್ನಿಟ್ಟ ಬಲೆಚೀಲ ಎಲ್ಲ ಹೇರಿದ್ದರು. ಹೆಂಗಸರು ಬಂದು ನಿಂತಿದ್ದರು. ಹಾಲಸಿದ್ದ ಕಂಬಳಿ ಹೆಗಲಿಗೆ ಹಾಕಿ, ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ನನ್ನ ಹತ್ತಿರ ಬಂದ. ಮಸಿಯ ಡಬ್ಬಿ ತೆರೆದೇ ಇತ್ತು. ನಾನು ಹೇಳಿದೆ, "ತಡಿ ಹಾಲಸಿದ್ದ, ಮಗಳು ಏನ್ ಕಲ್ತಾಳ ಕೇಳಿ ಒತ್ತು." ದುರ್ಗವ್ವನಿಗೆ ಹೇಳಿದೆ, "ನಿಮ್ಮಪ್ಪಗ ಕೇಳವ್ವ, ವೇರ್ ಆರ್ ಯು ಗೋಯಿಂಗ್ ಅಂತ."

ಹುಡುಗಿ ತಂದೆಯ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು. ಬಾಯಿ ತೆರೆದು "ಹೂ" ಎಂದು ಶುರು ಮಾಡಿದಳು. ನಿನ್ನ ಹೂ. ನಾನು ಅಲ್ಲೇ ತಡೆದೆ, "ಹೂ ಬ್ಯಾಡ, ವೇರ್." ಮತ್ತೆ ಬಾಯಿ ತೆರೆಯಲಿಲ್ಲ. ಎಷ್ಟು ಹೇಳಿದರೂ ಇಲ್ಲ. ಕರುವಿಗೆ ಕೇಳಿದವಳು ಹೆತ್ತ ತಂದೆಗೆ ಕೇಳಲಾರಳೇ? ಲಗಮಣ್ಣ ಅತ್ತಿಂದ, "ಇಚಲಕರಂಜಿ ಇಂಗ್ಲಿಷಿಗೆ ಭಾಳ ನಾಚಿಕಿ ಐತಿ ಬಿಡ್ರಿ ಮಾವಾ" ಎಂದ. ಹೆಂಗಸರೂ ನಕ್ಕರು. ಹಾಲಸಿದ್ದ ಮಸಿಯ ಡಬ್ಬಿಯ ಮುಚ್ಚಳವನ್ನು ತಾನೇ ಮುಚ್ಚಿ ನನ್ನ ಕೈಗೆ ಕೊಟ್ಟು, "ಇರ್ಲಿ ಬಿಡ್ರಿ ಗೌಡ್ರ" ಎಂದು ಕುರಿ ಎಬ್ಬಿಸಿದ.

ನಾನು ನಿನ್ನನ್ನು ಬೈಯುವುದಿಲ್ಲ. ಆದರೆ ಅಡ್ಡದಾರಿಯಲ್ಲಿ ಓಡಾಡಿ ರೂಢಿಯಾದವರು ಹೆಬ್ಬಾಗಿಲ ಮುಂದೆ ಹೀಗೇ ನಿಲ್ಲುತ್ತಾರೆ. ಹುಡುಗಿ ಇವತ್ತಿನ ಬಸ್ಸಿಗೆ ಬರುತ್ತಾಳೆ. ಕಾಗದ ಖಾಲಿಯೇ ಇದೆ, ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ.

ಬಾಳಗೊಂಡ

*

ಶಹಾಪುರ
೧೮ ಜೂನ್ ೧೯೭೯

ಕಾಕಾ,

ನಿಮ್ಮ ಪತ್ರ ಓದಿ ಮೊದಲು ನಾನೂ ನನ್ನದೇ ತಪ್ಪೆಂದು ತಿಳಿದೆ. ಎರಡು ದಿನ ಕರೆಂಟ್ ಹೋದರೂ ಖೋಲಿಯ ಬಾಗಿಲು ತೆಗೆಯಲಿಲ್ಲ. ಆಮೇಲೆ ಹೋಗಿ ದುರ್ಗವ್ವನ ಪಕ್ಕ ಕುಳಿತೆ. ಅವಳು ಕಾಂಡಿ ಸುತ್ತುತ್ತಲೇ ಇದ್ದಳು. ನಾನು ಏನೂ ಕೇಳಲಿಲ್ಲ, ಕೇಳಿ ಕೇಳಿ ಸಾಕಾಗಿತ್ತು. ಅವಳೇ ಮಾತು ತೆಗೆದಳು.

"ಬಾಯಾರ, ಹೊಂಟು ನಿಂತವರಿಗೆ ಎಲ್ಲಿಗಿ ಅಂತ ಕೇಳ್ತಾರೇನ್ರಿ?"

ಕಾಕಾ, ನಾವೇ ಕೇಳುವುದಿಲ್ಲವಲ್ಲ. ಮನೆಯಿಂದ ಕಾಲು ಹೊರಗಿಟ್ಟವರಿಗೆ ಎಲ್ಲಿಗೆ ಎಂದರೆ ಹೋದ ಕೆಲಸ ಆಗುವುದಿಲ್ಲ ಎಂದು ಚಿಕ್ಕಂದಿನಲ್ಲಿ ನನ್ನ ಬಾಯಿಗೆ ಹೊಡೆದು ಕಲಿಸಿದವರು ಕಾಕು. ನಮಗೆ ಒಂದು ದಿನದ ಕೆಲಸ ಕೆಡುತ್ತದೆ, ಕುರುಬರಿಗೆ ಅರ್ಧ ವರ್ಷದ ಹಾದಿ. ಅವಳು ಹೇಳಿದಳು, "ನಾ ಸಣ್ಣಾಕಿದ್ದಾಗ ಯಾರೋ ಹಂಗ ಕೇಳಿದ ವರ್ಷ ಅರ್ಧ ಹಿಂಡು ರೋಗಕ್ಕ ಹೋತ್ರಿ. ಅವ್ವ ಇನ್ನೂ ಅವರ ಮನಿ ಮುಂದ ಹಾಯೂದಿಲ್ಲ."

"ಇಂಗ್ಲಿಷಿನ್ಯಾಗ ಕೇಳಿದ್ರ ಅಲ್ಲಿ ಯಾರಿಗೆ ತಿಳೀತಿತ್ತು ದುರ್ಗವ್ವ?" ಎಂದೆ.

"ಅವರಿಗೆ ತಿಳಿಯೂದಿಲ್ರಿ. ನನಗ ತಿಳೀತೈತಲ್ಲ."

ಕರುವಿಗೆ ಕೇಳಿದಳು, ಕರು ಎಲ್ಲಿಗೂ ಹೊರಟಿರಲಿಲ್ಲ. ಇನ್ನೊಂದು ಮಾತು ಕೇಳಿ. ಅವಳು ಶುರು ಮಾಡಿದ 'ಹೂ' ಏನಿತ್ತು ಗೊತ್ತೇ? ಹೂ ಗೋಸ್ ವಿತ್ ಯು. "ನಾವು ಹೊಂಟವರಿಗೆ ಜೋಡಿ ಯಾರದಾರ ಅಂತ ಕೇಳ್ತೇವ್ರಿ. ಅದನ್ನ ಕೇಳಾವಕಿದ್ದೆ. ಗೌಡ್ರು ಹೂ ಬ್ಯಾಡ ಅಂದ್ರು." ಕಾಕಾ, ಅವಳಿಗೆ ಎರಡೂ ದಾರಿ ಬರುತ್ತಿದ್ದವು. ಯಾವುದನ್ನು ತುಳಿಯಬಾರದೆಂಬುದೂ ಗೊತ್ತಿತ್ತು.

ನನಗೆ ಸಿಟ್ಟು ಬಂದಿದೆ, ನಿಮ್ಮ ಮನೆಯ ಮಗಳಾಗಿ ಬರೆಯುತ್ತಿದ್ದೇನೆ, ತಿಳಿದುಕೊಳ್ಳಿ. ಆದರೆ ಒಂದು ತಿಳಿಯುತ್ತಿಲ್ಲ. ಹುಡುಗಿ ಸುಮ್ಮನೆ ನಿಂತಳೆಂದು ಹಾಲಸಿದ್ದನಂಥವನು ಕೊಟ್ಟ ಮಾತು ಯಾಕೆ ಹಿಂದಕ್ಕೆ ತೆಗೆದುಕೊಂಡ? ದುರ್ಗವ್ವನಿಗೆ ಕೇಳಿದರೆ ಕಾಂಡಿ ನೋಡುತ್ತಾಳೆ.

ಇನ್ನು ಎರಡೇ ವಾರ ಉಳಿದಿದೆ. ಅವಳು ಚೆನ್ನಾಗಿದ್ದಾಳೆ, ಓದುತ್ತಿದ್ದಾಳೆ.

ಕಾಂಚನ

*

ನೂಲ
೨೧ ಜೂನ್ ೧೯೭೯

ಕಾಂಚನ,

ಕಾರ್ಡಿನಲ್ಲಿ ಹೆಚ್ಚು ಜಾಗವಿಲ್ಲ, ನನಗೂ ಹೆಚ್ಚು ಹೇಳುವ ಮುಖವಿಲ್ಲ. ನಿನ್ನ ಪತ್ರವನ್ನು ಓದಿ ಹೇಳಿದಾಗ ನಿನ್ನ ಕಾಕು, "ಇಂಗ್ಲಿಷಿನ್ಯಾಗ ಕೇಳಿದ್ರ ಅಪಶಕುನಕ್ಕ ದಾರಿ ಸಿಗೂದಿಲ್ಲಂತ ತಿಳದಿದ್ರೇನು?" ಎಂದಳು. ನಾಳೆ ಮೊದಲ ಬಸ್ಸಿಗೆ ಮೂಡಲಕ್ಕೆ ಹೊರಡುತ್ತೇನೆ. ಕಾಗದ ಜೇಬಿನಲ್ಲಿದೆ. ಹಿಂಡು ಸಿಗುವವರೆಗೆ ಮರಳುವುದಿಲ್ಲ. ಉತ್ತರ ಬರೆಯಬೇಡ, ಓದಲು ನಾನಿರುವುದಿಲ್ಲ.

ಬಾಳಗೊಂಡ

*

ರಾಯಬಾಗ
೨೬ ಜೂನ್ ೧೯೭೯

ಕಾಂಚನ,

ಈ ಲಕೋಟೆಯೊಳಗೆ ಮಡಿಚಿಟ್ಟ ಕಾಗದವನ್ನು ಮೊದಲು ತೆಗೆದು ನೋಡು, ಆಮೇಲೆ ಇದನ್ನು ಓದು.

ನೋಡಿದೆಯಾ? ಈಗ ಕೇಳು. ನಾಲ್ಕು ಬಸ್ಸು ಹತ್ತಿದೆ. ಯಾರನ್ನು ಕಂಡರೂ "ಎಲ್ಲಿಗೆ" ಎಂಬ ಮಾತು ತುಟಿಗೆ ಬರುತ್ತಿತ್ತು, ನುಂಗಿಕೊಳ್ಳುತ್ತಿದ್ದೆ. ನಿಪ್ಪಾಣಿಯ ಕಂಡಕ್ಟರ್ ಮಾತ್ರ ನನ್ನನ್ನೇ ಎಲ್ಲಿಗೆ ಎಂದು ಕೇಳಿದ. ಅವನಿಗೆ ಆ ಅಧಿಕಾರವನ್ನು ಸರಕಾರ ಕೊಟ್ಟಿದೆ, ಏನು ಮಾಡಲಿ. ಅಂಕಲಿಯ ಆಚೆ ಒಬ್ಬ ಹೊಲದವನು, ನಿನ್ನೆ ನನ್ನ ಹೊಲದಲ್ಲಿ ಕೂತಿದ್ದರು ಎಂದು ಹಿಕ್ಕೆ ಬಿದ್ದ ನೆಲ ತೋರಿಸಿದ. ನಾನು ಆ ಹಿಕ್ಕೆಯನ್ನು ಕಂಡು ಸಂತೋಷಪಟ್ಟಷ್ಟು ಯಾವ ಸರಕಾರಿ ಉತ್ತರ ಕಂಡೂ ಪಟ್ಟಿಲ್ಲ.

ಹಿಂಡು ಸಿಕ್ಕಾಗ ಹೊತ್ತು ಇಳಿಯುತ್ತಿತ್ತು. ನನ್ನನ್ನು ಕಂಡು ಹಾಲಸಿದ್ದ ಗಾಬರಿಯಾದ, ಊರಲ್ಲಿ ಏನೋ ಆಗಿದೆ ಎಂದು. ಏನೂ ಆಗಿಲ್ಲ ಎಂದೆ. "ಹಂಗಾರ ಮೊದಲ ಉಣ್ರಿ ಗೌಡ್ರ, ಹೊತ್ತು ಮುಳುಗಿದ್ರ ನೀವು ಉಣ್ಣಾವರಲ್ಲ" ಎಂದು ರೊಟ್ಟಿ, ಹಾಲು ಇಟ್ಟ. ನಮ್ಮ ಜೈನರ ನೇಮ ಅವನಿಗೆ ನೆನಪಿತ್ತು, ಅವರ ನೇಮ ನನಗೆ ನೆನಪಿರಲಿಲ್ಲ.

ದುರ್ಗವ್ವ ಯಾಕೆ ಬಾಯಿ ಬಿಡಲಿಲ್ಲ ಎಂಬುದನ್ನು ಹೇಳಿದೆ. ಅವನು ಅಂದ, "ಅಕಿ ಕೇಳಲಿಲ್ಲಂತ ನಾ ಸಿಟ್ಟಾಗಿಲ್ರಿ. ಅಕಿ ಏನ್ ಕೇಳಿದ್ರೂ ನನಗೆಲ್ಲಿ ತಿಳೀತಿತ್ತು? ನೀವ ಅಂದ್ರಲ್ಲ, ಇಕಿಗೆ ಏನೂ ಬರೂದಿಲ್ಲ, ಕೊಲ್ಹಾಪುರದಾಗ ಮಂದಿ ನಗ್ತಾರ ಅಂತ. ಎಲ್ಲಾರ ಮುಂದ ಅಂದ್ರಿ. ನೀವು ಓದಿದವರು. ಮಂದಿ ನಗೂ ಜಾಗಾಕ್ಕ ಮಗಳನ್ನ ಹೆಂಗ ಕಳಿಸಲಿ?"

ಕಾಂಚನ, ಈ ಮಾತು ನಾನು ನಿನಗೆ ಬರೆದ ಪತ್ರದಲ್ಲಿ ಇಲ್ಲ. ಮರೆತು ಬಿಟ್ಟದ್ದಲ್ಲ. ಹುಡುಗಿಯೂ ನಿನಗೆ ಹೇಳಲಿಲ್ಲ. ನನ್ನ ಮರ್ಯಾದೆಯನ್ನು ಅವಳು ಕಾದಳು.

ಹಾಲಸಿದ್ದ ಒಂದೇ ಕೇಳಿದ, "ಅಂದದ್ದು ಎಲ್ಲಾರ ಮುಂದ ಅಂದ್ರಿ. ಈಗೂ ಎಲ್ಲಾರ ಮುಂದ ಹೇಳ್ರಿ." ನಾಯಿ, ತಟ್ಟು, ಕುರಿ ಸಹಿತ ಎಲ್ಲರೂ ಇದ್ದರು. ಎದ್ದು ನಿಂತು ಹೇಳಿದೆ. ದುರ್ಗವ್ವನಿಗೆ ಬರುತ್ತದೆ, ತಪ್ಪು ಪ್ರಶ್ನೆ ಕೇಳಲು ಹೇಳಿದವನು ನಾನು ಎಂದೆ. ಸಭೆಗಳಲ್ಲಿ ಭಾಷಣ ಮಾಡಿದವನು ನಾನು, ಇಷ್ಟು ಸಣ್ಣ ಭಾಷಣ ಇಷ್ಟು ಭಾರ ಎಂದೂ ಆಗಿರಲಿಲ್ಲ. ಮೊದಲು ಲಗಮಣ್ಣ, "ಹಂಗಾರ ಅಕಿ ನಮ್ಮ ಹಿಂಡ ಕಾದಳು ಅನ್ರಿ" ಎಂದ. ಹಿಂದೆಯೇ, "ಹೋಗ್ಲಿ ಬಿಡ್ರಿ ಮಾವಾ, ಕಲೀಲಿ. ನನಗೇನು ಹೆಣ್ಣು ಸಿಗೂದಿಲ್ಲೇನು?" ಎಂದು ಮೀಸೆ ತಿರುವಿದ. ಆಗ ನಕ್ಕರು, ಆ ನಗೆ ಬೇರೆ.

ಮಸಿಯ ಡಬ್ಬಿಯನ್ನು ನಾನು ಊರಲ್ಲೇ ಮರೆತಿದ್ದೆ. ಹಾಲಸಿದ್ದ ಕಂದೀಲಿನ ಗಾಜಿನೊಳಗೆ ಹೆಬ್ಬೆಟ್ಟು ತಿಕ್ಕಿ ಒತ್ತಿದ. ಕಚೇರಿಯವರು ಇದೇನು ಕಾಡಿಗೆ ಎಂದರೆ ನನಗೆ ತಂತಿ ಕಳಿಸು, ಬಂದು ಜಗಳಾಡುತ್ತೇನೆ.

ಬಾಳಗೊಂಡ

*

ಶಹಾಪುರ
೩ ಜುಲೈ ೧೯೭೯

ಕಾಕಾ, ಕಾಕು,

ಆಯಿತು. ದುರ್ಗವ್ವನ ಹೆಸರು ಹತ್ತಿತು. ಪಟ್ಟಿಯ ತೀರ ಕೆಳಗಿದೆ, ಅದರ ಕೆಳಗೆ ತರಬೇತಿ ಶಾಲೆಯ ಮೇಡಂ ಸಹಿ ಮಾತ್ರ ಇದೆ, ಆದರೂ ಇದೆ. ನಾನು ಬೆರಳಿಟ್ಟು ನೋಡಿದೆ, ಆಮೇಲೆ ತಂಗೆವ್ವ ಬೆರಳಿಟ್ಟಳು, ಅವಳಿಗೆ ಓದಲು ಬರುವುದಿಲ್ಲ.

ಮೊದಲು ನಾನು ಮುಚ್ಚಿಟ್ಟದ್ದನ್ನು ಹೇಳಿಬಿಡುತ್ತೇನೆ. ಅವಳು ಓದುತ್ತಿದ್ದಾಳೆ ಎಂದು ಬರೆದಿದ್ದೆ. ಓದುತ್ತಿರಲಿಲ್ಲ. ನೂಲದಿಂದ ಬಂದ ಮೇಲೆ ಖೋಲಿಗೆ ಕಾಲಿಟ್ಟಿರಲಿಲ್ಲ, ಪುಸ್ತಕಗಳನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟಿದ್ದಳು. ನಿಮಗೆ ಅದನ್ನು ಬರೆದಿದ್ದರೆ ನೀವು ಹೆಬ್ಬೆಟ್ಟಿನ ಆಸೆಯನ್ನೇ ಬಿಡುತ್ತಿದ್ದಿರೇನೋ ಎಂದು ಹೆದರಿದೆ. ನಿಮ್ಮ ಲಕೋಟೆ ಬಂದ ದಿನ ಕಾಗದವನ್ನು ಅವಳ ಮಡಿಲಲ್ಲಿಟ್ಟೆ. ಹೆಬ್ಬೆಟ್ಟನ್ನು ಮೂಸಿ ನೋಡಿ, "ಕಂದೀಲ ಮಸಿ" ಎಂದಳು. ನಿಮ್ಮ ಪತ್ರವನ್ನೂ ಓದಿ ಹೇಳಿದೆ, ಲಗಮಣ್ಣನ ಮೀಸೆಯವರೆಗೆ. ಕಾಂಡಿ ಕೆಳಗಿಟ್ಟು ಪಕ್ಕದ ಮನೆಗೆ ಹೋದಳು, ಪುಸ್ತಕ ಹೊತ್ತು ಬಂದಳು.

ಸಂದರ್ಶನದ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ, ನನ್ನ ಪುಣ್ಯ. ಒಳಗೆ ಇಬ್ಬರು ಸಾಹೇಬರು, ಒಬ್ಬರು ಮಲಯಾಳಿ ಮೇಟ್ರನ್. ಊರು, ಓದು, ತಂದೆಯ ಉದ್ಯೋಗ ಎಲ್ಲವನ್ನೂ ಮರಾಠಿಯಲ್ಲಿ ಕೇಳಿದರು. ಒಬ್ಬರು, "ಈಗ ನೀನು ನಮಗೊಂದು ಪ್ರಶ್ನೆ ಕೇಳು, ಇಂಗ್ಲಿಷಿನಲ್ಲಿ" ಎಂದರು. ನಾನು ಹೊರಗೆ ಬಾಗಿಲ ಸಂದಿಗೆ ಕಿವಿ ಹಚ್ಚಿದೆ. ಒಳಗೆ ಸದ್ದಿಲ್ಲ. ಮತ್ತೆ ಹಾಗೇ ಆಯಿತೆಂದುಕೊಂಡೆ. ಆಗ ಕೇಳಿಸಿತು, ನಿಧಾನವಾಗಿ, "ಹೂ ಸಿಟ್ಸ್ ವಿತ್ ದ ಪೇಷಂಟ್ ಅಟ್ ನೈಟ್?"

ಮೇಟ್ರನ್ ಉತ್ತರ ಹೇಳಿದರು, ಒಬ್ಬ ನರ್ಸ್, ನಲವತ್ತು ಹಾಸಿಗೆ. ಅಷ್ಟಕ್ಕೆ ಏಳಬಹುದಿತ್ತು. ನಮ್ಮ ಹುಡುಗಿ ಮತ್ತೆ ಕೇಳಿದಳು, "ಹೂ ಸಿಟ್ಸ್ ವಿತ್ ದ ನರ್ಸ್?"

ಕಾಕಾ, ಸಾಹೇಬರಿಬ್ಬರೂ ನಕ್ಕರು, ಸುಳ್ಳೇಕೆ ಹೇಳಲಿ. ಮೇಟ್ರನ್ ನಗಲಿಲ್ಲ. "ನೋಬಡಿ" ಎಂದರು, "ಇಪ್ಪತ್ತು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ." ಡು ಎಲ್ಲಿಯೂ ಬರಲಿಲ್ಲ. ಕ್ಷಮಿಸಿ.

ಆಗಸ್ಟ್ ಮೂರಕ್ಕೆ ಹಾಸ್ಟೆಲಿಗೆ ಸೇರಬೇಕು. ಹಾಲಸಿದ್ದ ಹಿಂಡು ಬಿಟ್ಟು ಬರಲಾರ. ನೀವೇ ಕರೆದುಕೊಂಡು ಹೋಗಬೇಕಂತೆ. ನನ್ನ ಮಾತಲ್ಲ, ಅವಳ ಮಾತು.

ಕಾಂಚನ

*

ನೂಲ
೫ ಆಗಸ್ಟ್ ೧೯೭೯

ಕಾಂಚನ,

ಸೇರಿಸಿ ಬಂದೆ. ಮರಳುವಾಗ ಬಸ್ಸಿನಲ್ಲಿ ಪಕ್ಕದವನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದೆ, ೧೯೪೧ರಿಂದ ಹಿಡಿದು. ಅವನು ಕಾಗಲದಲ್ಲಿ ಇಳಿದುಬಿಟ್ಟ. ಅವನ ಟಿಕೀಟು ನಿಪ್ಪಾಣಿಯವರೆಗೆ ಇತ್ತು, ನಾನು ನೋಡಿದ್ದೆ.

ಅಲ್ಲಿ ಆದದ್ದು ಇದು. ಮಳೆ ಜಡಿಯುತ್ತಿತ್ತು. ಹಾಸ್ಟೆಲಿನ ಗುಮಾಸ್ತ ಹೆಸರು ನೋಡಿ, ಊರು ನೋಡಿ, ಮಂಚ ಎಲ್ಲ ತುಂಬಿವೆ, ಹದಿನೈದು ದಿನ ಬಿಟ್ಟು ಬನ್ನಿ ಎಂದ. ಆಗಲೇ ಬಂದ ನಾಲ್ಕು ಹುಡುಗಿಯರನ್ನು ನಮ್ಮ ಕಣ್ಣೆದುರೇ ಮೇಲೆ ಕಳಿಸಿದ್ದ. ನಾನು ಮುಂಗೈ ಗುಂಡಿ ಬಿಚ್ಚಿ ತೋಳು ಮಡಚಿದೆ. ಬದುಕಿಡೀ ಕೂಡಿಸಿಟ್ಟ ಭಾಷಣ ನಾಲಿಗೆಯ ತುದಿಗೆ ಬಂದಿತ್ತು. ಅದರಲ್ಲಿ ಸಂಸ್ಥಾನವಿತ್ತು, ಗಡಿಗೆರೆಯಿತ್ತು, ಉತ್ತರ ಬರದ ಅರ್ಜಿಗಳಿದ್ದವು.

ದುರ್ಗವ್ವ ನನ್ನ ತೋಳು ಮುಟ್ಟಿ, "ಗೌಡ್ರ, ನೀವು ಒಂದೀಟು ಹೊರಗ ಕುಂದರ್ರಿ" ಎಂದಳು.

ನಾನು ಹೊರಗೆ ಕುಳಿತೆ. ಕಚೇರಿಯೊಂದರಲ್ಲಿ ಬಾಯಿ ಮುಚ್ಚಿಕೊಂಡು ಕುಳಿತದ್ದು ಅದೇ ಮೊದಲು. ಕಿಟಕಿಯಿಂದ ಕಾಣುತ್ತಿತ್ತು. ಅವಳು ಟ್ರಂಕನ್ನು ಎಳೆದು ಗುಮಾಸ್ತನ ಮೇಜಿಗೆ ಒತ್ತಿ ಇಟ್ಟು ಅದರ ಮೇಲೆ ಕುಳಿತಳು. ಇಂಗ್ಲಿಷ್ ಆಡಲಿಲ್ಲ, ಪ್ರಶ್ನೆಯನ್ನೇ ಕೇಳಲಿಲ್ಲ. "ಮಾಝೀ ಖಾಟ ದಾಖವಾ" ಎಂದಳು. ನನ್ನ ಮಂಚ ತೋರಿಸಿ, ಅಷ್ಟೇ. ಅವನು ಇಲ್ಲ ಎಂದ. ಸ್ವಲ್ಪ ತಡೆದು ಮತ್ತೆ ಅದನ್ನೇ ಹೇಳಿದಳು, ದನಿ ಏರಿಸದೆ, ಬೇರೆಯವರ ಬೆಳೆಗೆ ಬಾಯಿ ಹಾಕಿದ ಕುರಿಯನ್ನು ತಿರುಗಿಸುವವರ ಹಾಗೆ. ಅವನು ಹೊರಗೆ ನನ್ನ ಕಡೆ ನೋಡಿದ, ದೊಡ್ಡವರು ನೀವಾದರೂ ಹೇಳಿ ಎಂಬಂತೆ. ನಾನು ಮಳೆ ನೋಡಿದೆ.

ಒಳಗಿನಿಂದ ಇನ್ನೊಮ್ಮೆ ಕೇಳಿಸಿತು, "ಮಾಝೀ ಖಾಟ ದಾಖವಾ."

ಆಮೇಲೆ ಕುರ್ಚಿ ಹಿಂದೆ ಸರಿದ ಸದ್ದು, ಬೀಗದ ಕೈಗಳ ಸದ್ದು. ಟ್ರಂಕು ಮೆಟ್ಟಿಲು ಹತ್ತಲು ಶುರುವಾಯಿತು. ನಾನು ಎದ್ದು ನೋಡಿದೆ. ಅವಳು ಮುಂದೆ ಹೋಗುತ್ತಿದ್ದಳು, ಗುಮಾಸ್ತ ಟ್ರಂಕು ಹೊತ್ತು ಹಿಂದೆ ಹೋಗುತ್ತಿದ್ದ.

ಬಾಳಗೊಂಡ